ಎರಡು ತಾಸಿನ ಮುರುಡೇಶ್ವರ

ಕೊಲ್ಲೂರು ಮುಗಿಸಿ ಗೋಕರ್ಣಕ್ಕೆ ಹೊರಟ ಪ್ರವಾಸಿ ಬಸ್ಸು ಮುರುಡೇಶ್ವರದಲ್ಲಿ ನಿಲ್ಲುವುದು ಎಷ್ಟು ಹೊತ್ತು? ಹೆಚ್ಚೆಂದರೆ ಎರಡು ತಾಸು. ‘ಐದಕ್ಕೆ ಸರಿಯಾಗಿ ಬಸ್ ಬಿಡ್ತದೆ, ಬಾರದವ್ರು ಇಲ್ಲೇ’ ಅಂತ ಕ್ಲೀನರ್ ಕೂಗು. ಅಷ್ಟರೊಳಗೆ 123 ಅಡಿ ಶಿವನ ಎದುರು ಫೋಟೋ, 20 ಅಂತಸ್ತಿನ ರಾಜಗೋಪುರದ ಲಿಫ್ಟಿಗೆ ಸರತಿ, ಗಡಿಬಿಡಿಯ ಊಟ. ಉಳಿದ ಅರ್ಧ ಗಂಟೆ ಕಡಲಿಗೆ!

ಈ ಅವಸರಕ್ಕೆ ತೆತ್ತ ಬೆಲೆ ಊರಿಗೆ ಗೊತ್ತು. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಇದೇ ನೀರಿನಲ್ಲಿ ಮುಳುಗಿ ಸತ್ತರು. ಆಮೇಲೆ ಪರಿಹಾರ ಘೋಷಣೆಯಾಯಿತು, ಕಡಲತೀರ ಕೆಲಕಾಲ ಬಂದ್ ಆಯಿತು. ಕೆರೆ ಕಂಡ ಬಯಲುಸೀಮೆಯವರಿಗೆ ಕಡಲಿನ ಸೆಳೆತ ಹೇಗೆ ಗೊತ್ತಾಗಬೇಕು? ಕೆರೆಯದ್ದು ನಿಂತ ನೀರು. ಕಡಲಿನದ್ದು ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುವ ನೀರು. ಮೊಣಕಾಲಿನಷ್ಟೇ ಇದ್ದರೂ ನಂಬುವ ಹಾಗಿಲ್ಲ. ಇದನ್ನು ಬಸ್ಸಿಳಿಯುವ ಮೊದಲೇ ಹೇಳುವವರು ಯಾರು?

ಹೇಳದೆ ಬಿಟ್ಟ ಇನ್ನೊಂದು ಸಂಗತಿ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಇಂಗ್ಲಿಷರ ನಕ್ಷೆಯಲ್ಲಿ ಅದು ಪಿಜನ್ ಐಲೆಂಡ್. ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು, ಮೀನುಗಾರರು ಹರಕೆಗೆ ಬಿಟ್ಟ ಆಡು. ನೀರಿನಡಿ ಹವಳ, ಅದರ ಸಂದುಗಳಲ್ಲಿ ಬಣ್ಣಬಣ್ಣದ ಮೀನು, ಆಮೆ. ಪುನೀತ್ ರಾಜಕುಮಾರ್ ಅಲ್ಲಿ ನೀರಿಗಿಳಿದದ್ದನ್ನು 2022ರ ‘ಗಂಧದ ಗುಡಿ’ಯಲ್ಲಿ ಜನ ನೋಡಿದ್ದಾರೆ. ಆದರೂ ಬಸ್ಸಿನವರನ್ನು ಕೇಳಿ, ‘ನೇತ್ರಾಣಿಯಾ? ಅದೆಲ್ಲಿ ಬಂತು?’ ಅಂತಾರೆ.

ಹವಳ ಕಲ್ಲಲ್ಲ, ಜೀವ. ಸಣ್ಣ ಸಣ್ಣ ಪ್ರಾಣಿಗಳು ಸುಣ್ಣದ ಮನೆ ಕಟ್ಟಿಕೊಂಡು ಬದುಕುತ್ತವೆ. ಎಷ್ಟೋ ಜಾತಿಯ ಹವಳ ವರ್ಷಕ್ಕೆ ಬೆರಳಗಲ ಬೆಳೆದರೆ ದೊಡ್ಡದು. ದೋಣಿಯ ಲಂಗರು ಒಮ್ಮೆ ಬಿದ್ದರೆ ಹತ್ತಾರು ವರ್ಷದ ಬೆಳವಣಿಗೆ ಪುಡಿ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಬಳಸಿದಾಗ ಪರಿಸರದವರು ತಕರಾರು ಎತ್ತಿದ್ದರು. ಸರಿಯೇ. ಆದರೆ ದಡದಲ್ಲಿ ಎಸೆದ ಬಾಟಲಿ, ಚಿಪ್ಸ್ ಪೊಟ್ಟಣಕ್ಕೆ ತಕರಾರು ಎತ್ತುವವರು ಯಾರು? ಹರಿದುಹೋದ ಪ್ಲಾಸ್ಟಿಕ್ ಚೀಲ ಆಮೆಗೆ ಅಂಬಲಿ ಮೀನಿನ ಹಾಗೆ ಕಾಣುತ್ತದೆ. ನುಂಗಿದರೆ ಮುಗಿಯಿತು.

‘ಗಿರಾಕಿ ಬಂದ್ರೆ ಸಾಕು ಮಾರಾಯ್ರೆ, ಹವಳ ಕಟ್ಕೊಂಡು ನಮಗೇನು’ ಎನ್ನುವ ಅಂಗಡಿಯವರೂ ಲೆಕ್ಕ ಹಾಕಲಿ. ಎರಡು ತಾಸಿನ ಗಿರಾಕಿ ಒಂದು ಎಳನೀರು ಕುಡಿದು ಹೋಗುತ್ತಾನೆ. ದ್ವೀಪಕ್ಕೆ ಹೋಗುವವನು ರಾತ್ರಿ ಉಳಿಯುತ್ತಾನೆ, ಎರಡು ಹೊತ್ತು ಉಣ್ಣುತ್ತಾನೆ, ರಿಕ್ಷಾ ಹತ್ತುತ್ತಾನೆ. ಹವಳ ಸತ್ತರೆ ಅವನು ಯಾಕೆ ಬರಬೇಕು? ಕಡಲಲ್ಲಿ ಹೆಣ ತೇಲಿದರೆ ಯಾರು ತಾನೇ ಬರುತ್ತಾರೆ?

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಬಸ್ಸು ನಿಲ್ಲುವ ಜಾಗದಲ್ಲೇ ಕನ್ನಡ, ತೆಲುಗು, ಮರಾಠಿಯಲ್ಲಿ ದೊಡ್ಡ ಬೋರ್ಡು. ಹಬ್ಬ, ರಜೆ, ಶಾಲಾ ಪ್ರವಾಸದ ದಿನಗಳಲ್ಲಿ ಹೆಚ್ಚಿನ ಜೀವರಕ್ಷಕರು. ಖಾಲಿ ಬಾಟಲಿ ವಾಪಸು ಕೊಟ್ಟರೆ ಎರಡು ರೂಪಾಯಿ. ದ್ವೀಪದ ಹತ್ತಿರ ದೋಣಿ ಕಟ್ಟಲು ಲಂಗರಿನ ಬದಲು ತೇಲುಬುರುಡೆ. ಖರ್ಚಿಗೆ ಪ್ರವಾಸಿ ಗಾಡಿಗಳ ಶುಲ್ಕದಲ್ಲಿ ಒಂದು ಪಾಲು ಎತ್ತಿಟ್ಟರಾಯಿತು.

ಡಿಸೆಂಬರ್ ಬಂತೆಂದರೆ ಶಾಲಾ ಬಸ್ಸುಗಳ ಸಾಲು ಮತ್ತೆ ಶುರು. ಸಂಬಂಧಪಟ್ಟವರು ಅದಕ್ಕೆ ಮುಂಚೆ ಎಚ್ಚೆತ್ತರೆ ಪುಣ್ಯ. ಆಮೇಲೆ ಎಚ್ಚೆತ್ತರೆ ಪರಿಹಾರದ ಚೆಕ್ಕು ಬರೆಯುವುದಷ್ಟೇ ಕೆಲಸ.