ಪೆದ್ದಪಾಡಿನ ವಕೀಲ, ಆಂಧ್ರದ ಮುಖ್ಯಮಂತ್ರಿ

ಕರ್ನೂಲು ಸಮೀಪದ ಪೆದ್ದಪಾಡಿನ ಬಡ ದಲಿತ ಕುಟುಂಬದಲ್ಲಿ 1921ರಲ್ಲಿ ಜನಿಸಿದ ದಾಮೋದರಂ ಸಂಜೀವಯ್ಯನವರು ಮದ್ರಾಸಿನಲ್ಲಿ ಕಾನೂನು ಓದಿ 1950ರಲ್ಲಿ ವಕೀಲರಾದರೂ, ಅದೇ ವರ್ಷ ಹಂಗಾಮಿ ಸಂಸತ್ತಿನ, ಅಂದರೆ ಮೊದಲ ಮಹಾಚುನಾವಣೆಯವರೆಗೆ ಕಾರ್ಯನಿರ್ವಹಿಸಿದ ಸಂಸತ್ತಿನ, ಸದಸ್ಯರಾದುದರಿಂದ ನ್ಯಾಯಾಲಯಕ್ಕಿಂತ ಶಾಸನಸಭೆಯೇ ಅವರ ಕಾರ್ಯಕ್ಷೇತ್ರವಾಯಿತು. 1952ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರ ಸಂಪುಟ ಸೇರಿದ ಅವರು, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲ್ಲೂಕುಗಳನ್ನು ಒಳಗೊಂಡು 1953ರಲ್ಲಿ ಕರ್ನೂಲನ್ನು ರಾಜಧಾನಿಯಾಗಿಸಿಕೊಂಡು ರೂಪುಗೊಂಡ ಆಂಧ್ರ ರಾಜ್ಯದಲ್ಲಿಯೂ ಸಚಿವರಾಗಿದ್ದು, 1960ರ ಜನವರಿಯಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ದೇಶದಲ್ಲಿಯೇ ಆ ಸ್ಥಾನಕ್ಕೇರಿದ ಮೊದಲ ದಲಿತರು ಅವರೆಂಬುದು ಆದವಾನಿ, ಆಲೂರುಗಳ ಈ ಗಡಿಸೀಮೆಯ ಕನ್ನಡ ಶಾಲೆಗಳ ಮಕ್ಕಳೂ ತಿಳಿದಿರಬೇಕಾದ ಸಂಗತಿ. ಅವರ ಅಧಿಕಾರಾವಧಿ ಎರಡು ವರ್ಷಗಳಿಗೆ ತುಸುವೇ ಹೆಚ್ಚು. ಆದರೂ ದುಡಿಯಲಾರದ ವೃದ್ಧರಿಗೆ ಸರ್ಕಾರವೇ ನೀಡುವ ಮಾಸಿಕ ನೆರವಾದ ವೃದ್ಧಾಪ್ಯ ವೇತನವನ್ನು ಆ ಅಲ್ಪಾವಧಿಯಲ್ಲೇ ಅವರು ಜಾರಿಗೆ ತಂದರು.