ಒಂದು ಮತದ ತೂಕ

"ನನ್ನೊಬ್ಬನ ಮತದಿಂದ ಏನಾದೀತು?" ಎಂದು ಕೆಲವು ರೈತ ಬಾಂಧವರು ಕೇಳುವುದುಂಟು. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಶ್ರೀ ಆರ್. ಧ್ರುವನಾರಾಯಣ ಅವರಿಗೆ 40,752, ಶ್ರೀ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಿದ್ದವು. ಗೆಲುವು ಒಂದೇ ಮತದ್ದು! ಆದರೆ ಇಂತಹ ಪ್ರಸಂಗ ಬಲು ಅಪರೂಪ. ಅದನ್ನು ನೆಚ್ಚಿಕೊಂಡು ಜನರು ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುವುದಿಲ್ಲ. ಕಾರಣ ಬೇರೆಯೇ ಇದೆ. ಯಾರ ಮತ ಯಾರಿಗೆಂಬುದು ಗುಟ್ಟು. ಆದರೆ ಮತಗಟ್ಟೆವಾರು ಲೆಕ್ಕ ಗುಟ್ಟಲ್ಲ. ಯಾವ ಊರಿನಲ್ಲಿ ಎಷ್ಟು ಮತ ಬಿದ್ದವೆಂಬುದನ್ನು ಗೆದ್ದವರೂ ಸೋತವರೂ ನೋಡುತ್ತಾರೆ. ಮತ ಹಾಕದ ಊರಿನ ಕೆರೆ, ರಸ್ತೆಗಳ ಅಹವಾಲಿಗೆ ಬಲ ಕಡಿಮೆ. ರಾಗಿ ಹೊಲದಲ್ಲಿ ಒಂದು ಪೈರು ಸತ್ತರೆ ಇಳುವರಿ ಕುಗ್ಗದು. ಸಾಲುಗಳೇ ಖಾಲಿಬಿದ್ದರೆ ಕಳೆ ತುಂಬಿಕೊಳ್ಳುತ್ತದೆ. ಆದುದರಿಂದ ಮತದಾನದ ದಿನ ಉಳುಮೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮನೆಮಂದಿಯೊಡನೆ ಮತಗಟ್ಟೆಗೆ ಹೋಗಿಬರುವುದು ಒಳಿತು.