ಬಿ.ಕಾಂ.ಗೆ ವರ್ಷ ಎಣಿಸಿದ್ದು ಸಾಕು

ರಾಣೆಬೆನ್ನೂರು ಬಸ್ ನಿಲ್ದಾಣದ ಹತ್ತಿರ ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿ ಈ ವಾರ ಸಿಟ್ಟು ನೆತ್ತಿಗೇರಿತು. ‘ಒಂದೇ ವರ್ಷದಲ್ಲಿ ಬಿ.ಕಾಂ., ಬಿಬಿಎ’, ಕೆಳಗೆ ಮೊಬೈಲ್ ನಂಬರು. ಹತ್ತು ದಿನದ ಎಂಬಿಎ ನಂಬಬೇಡಿ ಎಂದು ಯುಜಿಸಿ 2024ರಲ್ಲೇ ಎಚ್ಚರಿಸಿದೆ. ಆದರೂ ಈ ವ್ಯಾಪಾರ ನಿಂತಿಲ್ಲ.

ಜನ ಯಾಕೆ ಮೋಸ ಹೋಗುತ್ತಾರೆ? ಪದವಿಗೆ ಎಷ್ಟು ವರ್ಷ ಎಂಬುದನ್ನು ಸರ್ಕಾರಗಳೇ ಕಲಸಿಟ್ಟಿವೆ. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಅಂದರು. ಸರ್ಕಾರ ಬದಲಾಯಿತು, ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು, 2024ರಲ್ಲಿ ಮತ್ತೆ ಮೂರೇ ವರ್ಷ. ಅಣ್ಣನದು ಒಂದು ಲೆಕ್ಕ, ಅದೇ ಕಾಲೇಜಿಗೆ ಸೇರಿದ ತಂಗಿಯದು ಇನ್ನೊಂದು. ಮೂರೋ ನಾಲ್ಕೋ ಎಂದು ಜಗಳಾಡುವವರು, ಅಷ್ಟರಲ್ಲಿ ಪಾಠ ನಡೆದದ್ದು ಎಷ್ಟು ದಿನ ಎಂದು ಕೇಳುವುದಿಲ್ಲ. 2023ರ ಕೊನೆಗೆ ಅತಿಥಿ ಉಪನ್ಯಾಸಕರು ಹೊಟ್ಟೆಪಾಡಿಗಾಗಿ ಮುಷ್ಕರ ಕೂತಾಗ ಸರ್ಕಾರಿ ಕಾಲೇಜುಗಳಲ್ಲಿ ವಾರಗಟ್ಟಲೆ ತರಗತಿ ನಿಂತಿತ್ತು. ಆ ವಾರಗಳನ್ನು ಮಕ್ಕಳಿಗೆ ಯಾರು ತುಂಬಿಕೊಟ್ಟರು?

ವರ್ಷ ಎಷ್ಟೇ ಇರಲಿ, ಏನು ಕಲಿಸುತ್ತಾರೆ ಎಂಬುದು ಮುಖ್ಯ. ನಾನು ಹಿಂದೆಯೂ ಬರೆದದ್ದನ್ನೇ ಮತ್ತೆ ಬರೆಯುತ್ತೇನೆ: ನಮ್ಮ ಹಾವೇರಿ ಜಿಲ್ಲೆಯ ವಾಣಿಜ್ಯ ಪಾಠ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಿಂದ ಶುರುವಾಗಬೇಕು. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಲಕ್ಷಕ್ಕೂ ಮೀರಿ ಚೀಲ ಬಂದು ಬೀಳುತ್ತವೆ. ಬಣ್ಣ ನೋಡಿ, ತೇವ ನೋಡಿ ಟೆಂಡರ್ ಹಾಕುತ್ತಾರೆ. ಬಣ್ಣ ತೆಗೆಯುವ ಕಾರ್ಖಾನೆಯವರು ಒಂದು ಕಡೆ, ಮಸಾಲೆ ಕಂಪನಿಯವರು ಇನ್ನೊಂದು ಕಡೆ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರಕ್ಕೆ ಕಾಯುವವರು ಮತ್ತೊಂದು ಕಡೆ. 2024ರ ಮಾರ್ಚ್ 11ರಂದು ದರ ಕುಸಿದು, ರೈತರ ಸಿಟ್ಟಿಗೆ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು. ಆ ಒಂದು ದಿನ ಏನಾಯಿತು, ಯಾಕಾಯಿತು ಎಂದು ಬಿಡಿಸಿ ಹೇಳಲು ಇಡೀ ಸೆಮಿಸ್ಟರ್ ಬೇಕು.

ಅಲ್ಲಿನ ದಲಾಲಿ ಅಂಗಡಿಯ ಯಜಮಾನರೊಬ್ಬರು ಬೇಸರದಿಂದ ಹೇಳಿದರು: “ಬಿ.ಕಾಂ. ಹುಡುಗೂರು ಕೆಲಸಾ ಕೇಳಾಕ ಬರ್ತಾರ್ರಿ. ಟ್ಯಾಲಿ ಬರತೈತಿ. ಡಬ್ಬಿಗೂ ಕಡ್ಡಿಗೂ ರೇಟ್ ಯಾಕ ಬ್ಯಾರೆ ಅಂದ್ರ ಮಾರಿ ನೋಡ್ತಾರ.” ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು. ಹುಡುಗರದೇನು ತಪ್ಪು? ಮೂರು ವರ್ಷದಲ್ಲಿ ಒಂದು ದಿನವಾದರೂ ಅವರನ್ನು ಯಾರ್ಡಿಗೆ ಕರೆದೊಯ್ದ ಕಾಲೇಜು ನನಗೆ ಕಂಡಿಲ್ಲ.

2023ರಲ್ಲಿ ಹಾವೇರಿಗೆ ಸ್ವಂತ ವಿಶ್ವವಿದ್ಯಾಲಯ ಬಂದಾಗ ನನಗೆ ಖುಷಿಯಾದದ್ದು ಇದಕ್ಕೇ. ಪಠ್ಯ ಬರೆಯುವ ಅಧಿಕಾರ ಆ ವಿಶ್ವವಿದ್ಯಾಲಯವಿರುವ ಕೆರಿಮತ್ತಿಹಳ್ಳಿಗೆ ಬಂತು. ಬ್ಯಾಡಗಿಯ ಟೆಂಡರು, ರಾಣೆಬೆನ್ನೂರಿನ ಬೀಜದ ವ್ಯಾಪಾರ ಇನ್ನಾದರೂ ಪುಸ್ತಕಕ್ಕೆ ಸೇರುತ್ತವೆ ಅಂದುಕೊಂಡೆ. ಎರಡು ವರ್ಷ ತುಂಬುವ ಮೊದಲೇ, 2025ರಲ್ಲಿ, ದುಡ್ಡಿಲ್ಲ ಎಂದು ಅದನ್ನು ಮುಚ್ಚುವ ಮಾತು ಬೆಂಗಳೂರಿನಲ್ಲಿ ಎದ್ದಿತು. ಹುಡುಗರು ಪದವಿ ಮುಗಿಸಲು ಮೂರು ವರ್ಷ ಕಾಯಬೇಕಂತೆ. ವಿಶ್ವವಿದ್ಯಾಲಯಕ್ಕೆ ಅಷ್ಟು ದಿನ ಕಾಯುವ ತಾಳ್ಮೆ ಮಂತ್ರಿಗಳಿಗೇ ಇರಲಿಲ್ಲ.